ಬೀಸುವ ಕಲ್ಲಿನ ಜೊತೆಗಾತಿ

ಮೊನ್ನೆ ತರಗತಿಯಲ್ಲಿ ತ್ರಿಪದಿಯ ಲಕ್ಷಣವನ್ನು ಬೋಧಿಸುತ್ತಿದ್ದೆ. ಹಲಗೆಯ ಮೇಲೆ ಗಣಗಳನ್ನು ವಿಂಗಡಿಸಿ ಬರೆದು ತಿರುಗಿದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಇದನ್ನು ಯಾರಿಗಾಗಿ ಹಾಡುತ್ತಿದ್ದರು?" ಎಂದಳು. ಛಂದಶ್ಶಾಸ್ತ್ರದಲ್ಲಿ ಆ ಪ್ರಶ್ನೆಗೆ ಉತ್ತರವಿಲ್ಲ. ನನಗೆ ನಮ್ಮಜ್ಜಿಯ ನೆನಪಾಯಿತು.

ಊರಿಗೆ ಗಿರಣಿ ಬಂದ ಮೇಲೂ ಅಜ್ಜಿ ಹಬ್ಬದ ಹಿಟ್ಟನ್ನು ಮನೆಯಲ್ಲೇ ಬೀಸುತ್ತಿದ್ದಳು. ಕೋಳಿ ಕೂಗುವ ಹೊತ್ತು, ಎದುರಿಗೆ ನೆರೆಮನೆಯಾಕೆ, ಒಂದೇ ಗೂಟಕ್ಕೆ ಇಬ್ಬರ ಕೈ. ಒಬ್ಬಳು ನುಡಿಯೆತ್ತಿದರೆ ಇನ್ನೊಬ್ಬಳು ದನಿಗೂಡಿಸುವಳು. ಕಲ್ಲಿನ ಸುತ್ತೇ ತಾಳ. ತವರಿನ ಹಂಬಲ, ಅತ್ತೆಯ ಬಿರುನುಡಿ, ಮಣ್ಣಿಗಿತ್ತ ಕೂಸು, ಎಲ್ಲವೂ ಆ ಹಾಡಿನಲ್ಲಿ ಹೊರಬೀಳುತ್ತಿದ್ದವು. ಮಾತಾಗಿ ಆಡಿದ್ದರೆ ಅದು ದೂರಾಗುತ್ತಿತ್ತು. ಹಾಡಾದುದರಿಂದ ಮನೆಯವರೂ ಸುಮ್ಮನೆ ಕೇಳಿಕೊಂಡರು. ಎದುರಿಗಿದ್ದವಳಂತೂ ಅದನ್ನು ತನ್ನದೆಂದೇ ಕೇಳಿದಳು.

ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಂಗಸರ ಇಂಥ ಹಾಡುಗಳನ್ನು ಕಲೆಹಾಕಿ, 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ಅಕ್ಷರವರಿಯದವರ ಬಾಯ ನುಡಿಯೂ ಕಾವ್ಯವೆಂಬುದನ್ನು ನಾಡು ಒಪ್ಪಿತು.

ಗಿರಣಿಯಿಂದ ಹೆಂಗಸರ ರಟ್ಟೆಯ ನೋವು ತಪ್ಪಿತು; ಅದಕ್ಕಾಗಿ ಮರುಗುವುದು ತರವಲ್ಲ. ಆದರೆ ಕಲ್ಲಿನೊಡನೆ ಎದುರಿಗೆ ಕುಳಿತಿದ್ದ ಜೊತೆಗಾತಿಯೂ ಎದ್ದುಹೋದಳು. ಇಂದು ಹಾಡು ನಮಗೆ ವೇದಿಕೆಯ ಮೇಲಿನ ವಸ್ತು. ನಾವು ಅದಕ್ಕೆ ಕೈಚಪ್ಪಾಳೆ ತಟ್ಟುವವರು ಮಾತ್ರ.

"ನಿಮ್ಮ ಮನೆಯಲ್ಲಿ ಅಜ್ಜಿ ಇದ್ದಾರೆಯೇ?" ಎಂದು ಆ ಹುಡುಗಿಯನ್ನು ಕೇಳಿದೆ. ಇದ್ದಾರೆಂದಳು. "ಹಾಗಾದರೆ ಇಂದೇ ಸಂಜೆ ಎದುರಿಗೆ ಕುಳಿತು ಹಾಡಿಸು" ಎಂದೆ. ನಾನು ಗಣ ಎಣಿಸುವುದನ್ನು ಕಲಿಯುವ ಹೊತ್ತಿಗೆ ನಮ್ಮಜ್ಜಿ ಇರಲಿಲ್ಲ. ಅವಳ ಒಂದು ಹಾಡೂ ನನ್ನಲ್ಲಿ ಉಳಿದಿಲ್ಲ.