ವೇಳಾಪಟ್ಟಿಯಲ್ಲಿ ಅಕ್ಕನ ಹೆಸರಿಲ್ಲ

ಹೋದ ತಿಂಗಳು ರಾವೂರಿನಿಂದ ಅಕ್ಕ ಫೋನ್ ಮಾಡಿದ್ದಳು. ಮೂರನೇ ಇಯತ್ತೆ ಓದುವ ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುವ ವಿಚಾರ ಅವಳದು. "ನೀ ಪಿಎಚ್‌ಡಿ ಮಾಡ್ಲತ್ತಿ, ಏನೇನು ಕಲಿಸ್ಬೇಕು, ಯಾವಾಗ ಕಲಿಸ್ಬೇಕು ಅಂತ ಒಂದು ಟೈಮ್‌ಟೇಬಲ್ ಬರ್ದು ಕೊಡು ತಮ್ಮಾ" ಎಂದಳು. ಅವಳು ಕೊಟ್ಟ ಕಾರಣಗಳು ಸುಳ್ಳಲ್ಲ. ಶಾಲೆಯಲ್ಲಿ ಶಿಕ್ಷಕರು ಸಾಲದು. ಇಂಗ್ಲಿಷ್ ಮೀಡಿಯಂ ಶಾಲೆಯ ಫೀ ಭಾವನ ಗುತ್ತಿಗೆ ಕೂಲಿಗೆ ನಿಲುಕುವುದಿಲ್ಲ. ಮೊಬೈಲಿನಲ್ಲಿ ಯಾರೋ ತಾಯಿಯೊಬ್ಬಳು ಮಕ್ಕಳಿಗೆ ಮನೆಯಲ್ಲೇ ಕಲಿಸುವ ವಿಡಿಯೋ ನೋಡಿ ಅಕ್ಕನಿಗೂ ಧೈರ್ಯ ಬಂದಿತ್ತು.

ನಾನು ಎರಡು ರಾತ್ರಿ ಕೂತು ವೇಳಾಪಟ್ಟಿ ಬರೆದೆ. ಬೆಳಿಗ್ಗೆ ಒಂಬತ್ತಕ್ಕೆ ಗಣಿತ: ಖಣಿಯಿಂದ ಬಂದ ಪರ್ಸಿ ಕಲ್ಲಿನ ಉದ್ದಗಲ ಅಳೆದು ಚದರಡಿ ಲೆಕ್ಕ ಹಾಕುವುದು. ಹತ್ತಕ್ಕೆ ಪರಿಸರ: ಸುಣ್ಣದಕಲ್ಲು ಪದರ ಪದರವಾಗಿ ಏಕಿದೆ, ಕಾಗಿಣಾ ನದಿ ಎಲ್ಲಿಗೆ ಹೋಗುತ್ತದೆ. ಹನ್ನೊಂದಕ್ಕೆ ಇತಿಹಾಸ: 1874ರಲ್ಲಿ ನಿಜಾಮರ ರೈಲು ಹೈದರಾಬಾದಿನಿಂದ ಬಂದು ವಾಡಿಯನ್ನು ಜಂಕ್ಷನ್ ಮಾಡಿದ ಕಥೆ. ತಿಂಗಳಿಗೊಂದು ಪ್ರವಾಸ: ಅಶೋಕನ ಹೆಸರು ಕೆತ್ತಿದ ಶಿಲ್ಪ ಸಿಕ್ಕ ಕನಗನಹಳ್ಳಿ, ರಾಷ್ಟ್ರಕೂಟರ ಮಳಖೇಡ. ಬರೆದು ಮುಗಿಸಿದಾಗ ನನ್ನ ಮೇಲೆ ನನಗೇ ಹೆಮ್ಮೆಯಾಗಿತ್ತು.

ಅಕ್ಕ ಅದನ್ನು ಎರಡು ಸಲ ಓದಿಸಿಕೊಂಡು ಕೇಳಿದಳು: "ಇದ್ರಾಗ ನಾ ರೊಟ್ಟಿ ಯಾವಾಗ ಬಡೀಲಿ? ನೀರು ಯಾವಾಗ ತುಂಬ್ಲಿ? ತೊಗರಿ ರಾಶಿ ಬಂದ್ರ ಹೊಲಕ್ಕ ಯಾರು ಹೋಗ್ಬೇಕು?"

ನನ್ನ ಹತ್ತಿರ ಉತ್ತರವಿರಲಿಲ್ಲ. ಮಗುವಿನ ದಿನವನ್ನು ಗಂಟೆ ಗಂಟೆಗೆ ಹಂಚಿದ್ದ ನಾನು ಆ ಗಂಟೆಗಳೆಲ್ಲ ಯಾರವು ಎಂದು ಯೋಚಿಸಿರಲೇ ಇಲ್ಲ. ಮನೆಶಾಲೆಯನ್ನು ಹಾಡಿ ಹೊಗಳುವ ಗೆಳೆಯರ ಜೊತೆ ನನ್ನ ಜಗಳ ಇಲ್ಲಿಂದಲೇ ಶುರು. ಅವರ ಪಠ್ಯಕ್ರಮದಲ್ಲಿ ಮಗುವಿನ ಸ್ವಾತಂತ್ರ್ಯವಿದೆ, ಕುತೂಹಲವಿದೆ, ಪ್ರಕೃತಿ ಇದೆ. ಸಂಬಳವಿಲ್ಲದೆ, ರಜೆಯಿಲ್ಲದೆ ಅದನ್ನು ನಡೆಸಿಕೊಡುವ ಹೆಂಗಸೊಬ್ಬಳು ಮಾತ್ರ ಯಾವ ಕಾಲಮ್ಮಿನಲ್ಲೂ ಇಲ್ಲ. ಟ್ಯಾಗೋರರು ಶಾಲೆ ತೊರೆದು ಮನೆಯಲ್ಲಿ ಕಲಿತರು ಎಂದು ಉದಾಹರಣೆ ಕೊಡುತ್ತಾರೆ. ಜೋಡಾಸಾಂಕೊದ ಆ ಮನೆಯಲ್ಲಿ ವಿಷಯಕ್ಕೊಬ್ಬ ಮೇಷ್ಟ್ರು ಬರುತ್ತಿದ್ದರು, ಆಳುಕಾಳು ತುಂಬಿದ್ದರು. ಅದನ್ನೂ ಜೊತೆಗೆ ಹೇಳಬೇಕಲ್ಲ?

ಶಾಲೆ ಮಗುವನ್ನು ಅಚ್ಚಿನಲ್ಲಿ ಹಾಕುತ್ತದೆ ಎಂಬ ದೂರಿನಲ್ಲಿ ಹುರುಳಿದೆ. 1971ರಲ್ಲಿ ಇವಾನ್ ಇಲಿಚ್ ಬರೆದ ಶಾಲಾವಿಮರ್ಶೆಯನ್ನು ನಾನೂ ಮೆಚ್ಚಿ ಓದಿದವನೇ. ಆದರೆ ಪ್ರತಿ ಮಗು ತನ್ನ ವೇಗದಲ್ಲಿ ಕಲಿಯಬೇಕು ಎಂಬುದು ಶಾಲೆ ಬಿಟ್ಟವರು ಮಾತ್ರ ಕಂಡುಕೊಂಡ ಸತ್ಯವಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ರಿಷಿ ವ್ಯಾಲಿಯ ಪ್ರಯೋಗ ನೋಡಿ ಬಂದು 'ನಲಿಕಲಿ' ಕಟ್ಟಿದರು. ಕಾರ್ಡು, ಮೆಟ್ಟಿಲು, ಗುಂಪು. ಮುಂದಿರುವ ಮಗು ಮುಂದೆ ಹೋಗುತ್ತದೆ, ಹಿಂದಿರುವ ಮಗುವಿಗೆ ಯಾರೂ ಫೇಲ್ ಎನ್ನುವುದಿಲ್ಲ. ಮುಂದೆ ಅದು ರಾಜ್ಯದ ಕನ್ನಡ ಶಾಲೆಗಳಿಗೆಲ್ಲ ಬಂತು. ಆ ಪದ್ಧತಿ ಸೊರಗುವುದು ಶಿಕ್ಷಕರು ಸಾಲದೆ ಹೋದಾಗ. ಹಾಗಿದ್ದರೆ ಕೇಳಬೇಕಾದದ್ದು ಶಿಕ್ಷಕರನ್ನು.

ಮನೆಯೇ ಶಾಲೆಯಾದರೆ ಏನಾಗುತ್ತದೆ ಎಂಬುದನ್ನು ನಾವು ಕಲ್ಪಿಸಿಕೊಳ್ಳಬೇಕಿಲ್ಲ. 2020ರ ಮಾರ್ಚಿನಲ್ಲಿ ಮುಚ್ಚಿದ ಒಂದರಿಂದ ಐದನೇ ತರಗತಿಗಳು ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಚಂದನ ವಾಹಿನಿಯಲ್ಲಿ 'ಸಂವೇದ' ಪಾಠ ಬರುತ್ತಿತ್ತು. ಶಿಕ್ಷಕರು ಓಣಿಗೇ ಬಂದು ಕಲಿಸುವ 'ವಿದ್ಯಾಗಮ' ಆಗಸ್ಟಿನಲ್ಲಿ ಶುರುವಾಗಿ ಅಕ್ಟೋಬರಿನಲ್ಲಿ ನಿಂತಿತು. ನಮ್ಮ ಓಣಿಯಲ್ಲಿ ಮೊಬೈಲು ಮನೆಗೊಂದು, ಅದೂ ದುಡಿಯಲು ಹೋದವರ ಕಿಸೆಯಲ್ಲಿ. ಗಂಡುಹುಡುಗರು ಗಾಡಿಗೆ ಕಲ್ಲು ಹೇರಲು ಹೋದರು. ಹೆಣ್ಣುಹುಡುಗಿಯರು ತಮ್ಮ ತಂಗಿಯರನ್ನು ಎತ್ತಿಕೊಂಡು ಕೂತರು. ಕೆಲವರು ಮತ್ತೆ ಶಾಲೆಯ ಮುಖ ನೋಡಲಿಲ್ಲ.

ನನ್ನನ್ನು ಹೆಚ್ಚು ಹೆದರಿಸುವುದು ಇದೇ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ 'ಮಗು ಮನೆಯಲ್ಲಿ ಕಲಿಯುತ್ತಿದೆ' ಎಂದರೆ ಕಲಿಯುತ್ತಿದೆ ಎಂದೇ ಅರ್ಥ ಇರಬಹುದು. ನಮ್ಮ ಕಡೆ ಹುಡುಗಿ ಮನೆಯಲ್ಲಿದ್ದಾಳೆ ಎಂದರೆ ಮನೆಯಲ್ಲಿದ್ದಾಳೆ, ಅಷ್ಟೇ. ಇಂದು ಅವಳನ್ನು 'ಶಾಲೆ ಬಿಟ್ಟ ಮಗು' ಎಂದು ಲೆಕ್ಕ ಹಾಕುತ್ತಾರೆ, ಯಾರಾದರೂ ಹುಡುಕಿಕೊಂಡು ಬಾಗಿಲಿಗೆ ಬರುತ್ತಾರೆ. ಮನೆಶಾಲೆಗೆ ಮನ್ನಣೆ ಸಿಕ್ಕ ದಿನ ಅವಳು ಬೇರೊಂದು ಕಾಲಮ್ಮಿಗೆ ಹೋಗುತ್ತಾಳೆ, ಆ ಬಾಗಿಲಿಗೆ ಮತ್ತೆ ಯಾರೂ ಬರುವುದಿಲ್ಲ.

ಇದು ಊಹೆಯ ಮಾತಲ್ಲ. ಅಕ್ಕ ಏಳನೇ ಇಯತ್ತೆಗೆ ಸಾಲಿ ಬಿಟ್ಟವಳು. ಅವ್ವ ಕೂಲಿಗೆ ಹೋದಾಗ ಮನೆಯ ಸಣ್ಣ ಕೂಸನ್ನು ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ಆ ಕೂಸು ನಾನು.

ನಮ್ಮ ಸೀಮೆಯ ಪರಂಪರೆಯನ್ನೂ ಈ ವಾದಕ್ಕೆ ಎಳೆದು ತರುವವರಿದ್ದಾರೆ. ಓದದೆಯೂ ಕಾವ್ಯದಲ್ಲಿ ಪಳಗಿದ ಜನ ಎಂದು ಕವಿರಾಜಮಾರ್ಗ ಕನ್ನಡಿಗರನ್ನು ಮೆಚ್ಚಿಕೊಂಡಿದೆ, ಅದು ಹುಟ್ಟಿದ ಮಳಖೇಡ ಇಲ್ಲೇ ಸೇಡಂ ತಾಲ್ಲೂಕಿನಲ್ಲಿದೆ, ಶಾಲೆಯ ಹಂಗೇಕೆ ಎನ್ನುತ್ತಾರೆ. ಓದದ ಜನರ ಮೇಲಿನ ಆ ಹೊಗಳಿಕೆಯನ್ನೂ ಓದಿದವರೇ ಬರೆದಿಟ್ಟರು ಎಂಬುದನ್ನು ಮರೆಯಬಾರದು. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಘಟಿಕಾಸ್ಥಾನವಿತ್ತು. ವೇದ ಓದುವ 200 ವಿದ್ಯಾರ್ಥಿಗಳ, ಗ್ರಂಥ ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರ ಲೆಕ್ಕ 1058ರ ಶಾಸನದಲ್ಲಿದೆ. ನನಗೂ ಅದರ ಬಗ್ಗೆ ಅಭಿಮಾನವಿದೆ. ಆದರೆ ಕಲ್ಲು ಒಡೆಯುವವರ ಮಗಳಿಗೆ ಅಲ್ಲಿ ಜಾಗವಿರಲಿಲ್ಲ. ಅವಳ ಹೆಸರು ಹತ್ತಿದ್ದು ಸರ್ಕಾರಿ ಶಾಲೆಯ ಹಾಜರಿ ಪುಸ್ತಕಕ್ಕೆ. ಅಲ್ಲಿ ಬೇರೆ ಬೇರೆ ಓಣಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಬಿಸಿಯೂಟ ಉಣ್ಣುತ್ತಾರೆ. 2002ರಲ್ಲಿ ಕರ್ನಾಟಕದ ಬಿಸಿಯೂಟ ಮೊದಲು ಶುರುವಾದದ್ದು ಕಲಬುರಗಿಯೂ ಸೇರಿದ ಉತ್ತರದ ಏಳು ಜಿಲ್ಲೆಗಳಲ್ಲಿ. ಆ ಸಾಲಿನಲ್ಲಿ ಕೂತು ಕಲಿಯುವುದನ್ನು ಮನೆಯ ಯಾವ ಪಠ್ಯಕ್ರಮವೂ ಕಲಿಸಲಾರದು, ಏಕೆಂದರೆ ಮನೆಯಲ್ಲಿ ಇರುವವರು ಮನೆಯವರಷ್ಟೇ.

'ಹಾಗಾದರೆ ಕೆಟ್ಟ ಶಾಲೆಯಲ್ಲೇ ಮಗು ಕೊಳೆಯಲಿ ಎನ್ನುತ್ತೀರಾ?' ಎಂದು ಕೇಳಬಹುದು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ರಾಜ್ಯಕ್ಕೇ ಕಡೆಯ ಜಿಲ್ಲೆ. ಆ ನೋವು ನನಗೂ ಇದೆ. ಆದರೆ ಲೆಕ್ಕವನ್ನು ಪೂರ್ತಿ ಮಾಡಿ ನೋಡಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61 ದಾಟಿದರೆ ಮೂವರು. 61 ಮಕ್ಕಳ ಶಾಲೆಯಿಂದ ಅಕ್ಕ ತನ್ನ ಮಗಳೊಬ್ಬಳನ್ನು ಬಿಡಿಸಿದರೆ ಉಳಿದ 60 ಮಕ್ಕಳಿಗೆ ಮೂರನೇ ಶಿಕ್ಷಕರನ್ನು ಕೇಳುವ ಹಕ್ಕೇ ಹೋಗುತ್ತದೆ. ಶಿಕ್ಷಕರಿಲ್ಲ ಎಂದು ಮಕ್ಕಳನ್ನು ಬಿಡಿಸುವುದು, ಮಕ್ಕಳಿಲ್ಲ ಎಂದು ಶಿಕ್ಷಕರನ್ನು ತೆಗೆಯುವುದು: ಕನ್ನಡ ಶಾಲೆಗಳು ಬಾಗಿಲು ಹಾಕುತ್ತಿರುವುದು ಹೀಗೆ. ಮಗಳನ್ನು ಬಿಡಿಸಿದ ದಿನವೇ ಅಕ್ಕ ಆ ಶಾಲೆಯನ್ನು ಪ್ರಶ್ನಿಸುವ ಅಧಿಕಾರವನ್ನೂ ಬಿಟ್ಟುಕೊಡುತ್ತಾಳೆ. ಕಾಯ್ದೆ ಹೊಣೆ ಹೊರಿಸಿರುವುದು ಸರ್ಕಾರದ ಮೇಲೆ. ಆ ಹೊಣೆಯನ್ನು ಇಳಿಸಿ ಅಕ್ಕನ ತಲೆಯ ಮೇಲಿಡುವುದಕ್ಕೆ ಸ್ವಾತಂತ್ರ್ಯ ಎಂಬ ಹೆಸರು ಬೇಡ.

ತೀವ್ರ ಕಾಯಿಲೆಯ ಮಗುವಿಗೆ, ಶಾಲೆಯಲ್ಲಿ ಅವಮಾನದಿಂದ ನಲುಗಿದ ಮಗುವಿಗೆ ಮನೆಪಾಠ ಬೇಕಾಗಬಹುದು. ಅಂಥ ಮನೆಗಳ ಬಗ್ಗೆ ನನ್ನ ತಕರಾರಿಲ್ಲ. ಅನಿವಾರ್ಯವನ್ನು ಆದರ್ಶವೆಂದು ಊರಿಗೆಲ್ಲ ಹಂಚುವುದರ ಬಗ್ಗೆ ಇದೆ.

ಅಕ್ಕನಿಗೆ ಎರಡನೇ ವೇಳಾಪಟ್ಟಿ ಕಳಿಸಿದ್ದೇನೆ. ಅದರಲ್ಲಿ ಇರುವುದು ಎರಡೇ ಸಾಲು. ಸಂಜೆ ರೊಟ್ಟಿ ಬಡಿಯುವಾಗ ಅರ್ಧ ತಾಸು ಮಗಳು ಗಟ್ಟಿಯಾಗಿ ಓದಬೇಕು, ಅಕ್ಕ ಕೇಳಬೇಕು. ಭಾವನ ಪಾಳಿ ಹಗಲಿದ್ದರೆ ಆ ರೊಟ್ಟಿ ಅವನು ಬಡಿಯಬೇಕು. ಎರಡನೆಯದು, ಎಸ್‌ಡಿಎಂಸಿ ಸಭೆ ಇದ್ದ ದಿನ ಅಕ್ಕ ಓಣಿಯ ನಾಲ್ಕು ತಾಯಂದಿರ ಜೊತೆ ಹೋಗಿ, ಮಕ್ಕಳೆಷ್ಟು, ಶಿಕ್ಷಕರೆಷ್ಟು ಎಂದು ಕೇಳಿ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಪರ್ಸಿ ಕಲ್ಲು, ಕಾಗಿಣಾ, ವಾಡಿ ಜಂಕ್ಷನ್ನಿನ ಪಾಠಗಳನ್ನು ಹರಿದುಹಾಕಿಲ್ಲ. ಸೂಟಿಗೆ ಊರಿಗೆ ಹೋದಾಗ ಆ ಹಾಳೆಗಳನ್ನು ಶಾಲೆಯ ಶಿಕ್ಷಕರಿಗೇ ಕೊಟ್ಟು ಬರುತ್ತೇನೆ.

"ಸಭಾದಾಗ ನಾ ಏನಂತ ಮಾತಾಡ್ಲಿ, ಏಳನೇ ಇಯತ್ತೆ ಕಲ್ತಾಕಿ?" ಎಂದು ಅಕ್ಕ ಕೇಳಿದಳು. ಟೈಮ್‌ಟೇಬಲ್ ನೋಡಿ ನನ್ನನ್ನು ಕೇಳಿದಂತೆಯೇ ಅವರನ್ನೂ ಕೇಳು ಎಂದೆ.