ಆಟದ ಬಯಲಿನಲ್ಲಿ ಎತ್ತಿದ ಕೈ

ನಮ್ಮ ವಾಚಕರಲ್ಲೊಬ್ಬರು, ಹೈಸ್ಕೂಲಿನಲ್ಲಿ ಓದುವ ಮಗನುಳ್ಳ ಗೃಹಸ್ಥರು, ಈ ತಿಂಗಳು ನಮಗೊಂದು ಕಾಗದವನ್ನು ಬರೆದಿದ್ದಾರೆ. ಮಗನು ಪ್ರತಿದಿನ ಸಾಯಂಕಾಲ ಕಾಲ್ಚೆಂಡಾಟವನ್ನು ಕಲಿಯಲು ಹೋಗುವನಂತೆ. ಕಲಿಸುವ ಗುರುಗಳು ಸಮರ್ಥರು. ಹುಡುಗರನ್ನು ಸ್ವಂತ ಮಕ್ಕಳಂತೆ ನೋಡಿಕೊಳ್ಳುವವರು. ಆದರೆ ಆಟ ಮುಗಿದ ಮೇಲೆ ಅವರನ್ನು ಸುತ್ತ ಕುಳ್ಳಿರಿಸಿಕೊಂಡು, ದೇಶವು ಒಬ್ಬನೇ ಗಟ್ಟಿಗನ ಕೈಯಲ್ಲಿದ್ದಲ್ಲದೆ ಜನಕ್ಕೆ ಬುದ್ಧಿ ಬಾರದೆಂದು ಹೇಳುತ್ತ, ಹಿಂದಿನ ಸರ್ವಾಧಿಕಾರಿಗಳ ಹೆಸರುಗಳನ್ನು ಭಕ್ತಿಯಿಂದ ಎತ್ತುವರಂತೆ. ಈ ಸಂಬಂಧವಾಗಿ ಮನೆಯಲ್ಲಿ ಎರಡು ಪಕ್ಷಗಳಾಗಿವೆ. ಮನೆಯಾಕೆ ಮಗುವನ್ನು ಅಲ್ಲಿಗೆ ಕಳುಹಿಸುವುದೇ ಬೇಡವೆನ್ನುವರು. ಅಜ್ಜನವರು, "ಆಟಕ್ಕೂ ರಾಜಕೀಯಕ್ಕೂ ಏನು ಸಂಬಂಧ? ಹುಡುಗ ಕಲಿಯುವುದು ಚೆಂಡನ್ನು ಒದೆಯುವುದನ್ನಲ್ಲವೆ?" ಎನ್ನುವರು. ಯಾರ ಮಾತು ಸರಿ ಎಂಬುದು ಪತ್ರ ಬರೆದವರ ಪ್ರಶ್ನೆ.

ಉತ್ತರ ಹೇಳುವುದಕ್ಕೆ ಮುಂಚೆ, ಇದೇ ಪ್ರಶ್ನೆಯು 2013ರಲ್ಲಿ ಇಂಗ್ಲೆಂಡಿನ ಒಂದು ಊರನ್ನೇ ಕಲಕಿದ ಸಂಗತಿಯನ್ನು ವಾಚಕರ ಮುಂದಿಡಲು ನಾವು ಇಚ್ಛಿಸುತ್ತೇವೆ. ಪರರ ಮನೆಯ ಜಗಳದಲ್ಲಿ ನಮ್ಮ ಮನೆಯ ಜಗಳದ ಮುಖವು ಎಷ್ಟೋ ಸಲ ಸ್ಪಷ್ಟವಾಗಿ ಕಾಣುವುದುಂಟು.

ಇಂಗ್ಲೆಂಡಿನ ಈಶಾನ್ಯ ಕರಾವಳಿಯಲ್ಲಿ ಸಂಡರ್‌ಲೆಂಡ್ ಎಂಬ ಪಟ್ಟಣವಿದೆ. ಹಡಗು ಕಟ್ಟುವುದೂ ಕಲ್ಲಿದ್ದಲು ತೆಗೆಯುವುದೂ ಅಲ್ಲಿಯ ಹಿಂದಿನ ಕಸುಬುಗಳು. ಮಂಕ್‌ವೇರ್‌ಮೌತ್ ಎಂಬ ದೊಡ್ಡ ಗಣಿಯು 1993ರಲ್ಲಿ ಮುಚ್ಚಿಹೋಯಿತು. ಅದೇ ನೆಲದ ಮೇಲೆ 1997ರಲ್ಲಿ ಊರಿನ ಕಾಲ್ಚೆಂಡಿನ ಸಂಘವು ತನ್ನ ಹೊಸ ಕ್ರೀಡಾಂಗಣವನ್ನು ತೆರೆಯಿತು. ಗಣಿಯಾಳುಗಳ ದೀಪದ ನೆನಪಿಗಾಗಿ ಅದಕ್ಕೆ 'ಬೆಳಕಿನ ಕ್ರೀಡಾಂಗಣ'ವೆಂದು ಹೆಸರಿಟ್ಟು, ಬಾಗಿಲ ಮುಂದೆ ಆ ದೀಪದ ದೊಡ್ಡ ಪ್ರತಿರೂಪವನ್ನು ನಿಲ್ಲಿಸಿದರು. ಗಣಿಯವರ ಸಂಘದ ಧ್ವಜವೊಂದು ಒಳಗೆ ಗೌರವದಿಂದ ಇರಿಸಲ್ಪಟ್ಟಿತ್ತು. ತಂದೆ ಇಳಿದ ಗಣಿಯ ಮೇಲೆಯೇ ಮಗನು ಆಟ ನೋಡಲು ಕೂರುವಂತಹ ಸ್ಥಳ ಅದು.

2013ರ ಮಾರ್ಚಿಯ ಕೊನೆಯಲ್ಲಿ ಈ ಸಂಘದ ಸ್ಥಿತಿ ಶೋಚನೀಯವಾಗಿದ್ದಿತು. ಇನ್ನು ಏಳೇ ಆಟಗಳು ಉಳಿದಿದ್ದವು. ಕೆಳಗಿನ ಶ್ರೇಣಿಗೆ ಜಾರುವ ಸ್ಥಾನಕ್ಕೂ ಸಂಘಕ್ಕೂ ಒಂದೇ ಅಂಕದ ಅಂತರ. ಯಜಮಾನರು ಹಳೆಯ ಮ್ಯಾನೇಜರನ್ನು ತೆಗೆದುಹಾಕಿ, ಮಾರ್ಚಿ 31ರಂದು ಇಟಲಿಯ ಪಾವೊಲೊ ಡಿ ಕ್ಯಾನಿಯೊ ಎಂಬಾತನನ್ನು ನೇಮಿಸಿದರು. ಆಂಗ್ಲರ ಕಾಲ್ಚೆಂಡಾಟದಲ್ಲಿ ಮ್ಯಾನೇಜರೆಂದರೆ ಬರಿಯ ಲೆಕ್ಕಪತ್ರ ನೋಡುವವನಲ್ಲ. ಆಟಗಾರರನ್ನು ಆರಿಸಿ, ಶಿಕ್ಷಣ ಕೊಟ್ಟು, ಊರಿನ ಎದುರು ಸಂಘದ ಮುಖವಾಗಿ ನಿಲ್ಲುವವನು. ನಮ್ಮಲ್ಲಿ ಗುರು, ಯಜಮಾನ, ವಕ್ತಾರ ಎಂಬ ಮೂರು ಮಾತುಗಳಿಂದ ಹೇಳಬೇಕಾದ ಹೊಣೆ ಅವನೊಬ್ಬನದು.

ಈ ಡಿ ಕ್ಯಾನಿಯೊ ಎಂತಹ ಮನುಷ್ಯ? ಒಂದೇ ಬಣ್ಣದಲ್ಲಿ ಬರೆದರೆ ಚಿತ್ರವು ಸುಳ್ಳಾದೀತು. 1998ರಲ್ಲಿ ಆಟದ ತೀರ್ಪುಗಾರನನ್ನೇ ನೂಕಿ ಕೆಡವಿ, ಹನ್ನೊಂದು ಆಟಗಳ ನಿಷೇಧವನ್ನು ಅನುಭವಿಸಿದವನು. ಆದರೆ 2000ದ ಡಿಸೆಂಬರಿನಲ್ಲಿ, ಎದುರಾಳಿಯ ಗೋಲು ಕಾಯುವವನು ಪೆಟ್ಟುತಿಂದು ನೆಲದಲ್ಲಿ ಬಿದ್ದಿರುವುದನ್ನು ಕಂಡು, ತನ್ನ ಕಡೆಗೆ ಬಂದ ಚೆಂಡನ್ನು ಗೋಲಿಗೆ ಹೊಡೆಯದೆ, ಕೈಯಲ್ಲಿ ಹಿಡಿದು ಆಟವನ್ನು ನಿಲ್ಲಿಸಿದವನೂ ಆತನೇ. ಇದಕ್ಕಾಗಿ ಜಾಗತಿಕ ಕಾಲ್ಚೆಂಡು ಸಂಸ್ಥೆಯು ಆತನಿಗೆ ನ್ಯಾಯವಾದ ಆಟದ ಪ್ರಶಸ್ತಿಯನ್ನು ಕೊಟ್ಟಿತು. ಮನುಷ್ಯರು ಹೀಗೆಯೇ, ಒಂದೇ ಮನೆಯಲ್ಲಿ ದೇವರ ಕೋಣೆಯೂ ಕತ್ತಲೆಯ ಕೋಣೆಯೂ ಇರುವುದುಂಟು.

ಕತ್ತಲೆಯ ಕೋಣೆ ಯಾವುದೆಂದರೆ, ಆತನ ರಾಜಕೀಯ. 2000ದಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಮುಸೋಲಿನಿಯನ್ನು ಜನರು ತಪ್ಪು ತಿಳಿದಿರುವರೆಂಬ ಅರ್ಥದ ಮಾತುಗಳನ್ನು ಬರೆದನು. ಮುಸೋಲಿನಿಯ ಕೃತ್ಯಗಳು ಅನೇಕ ವೇಳೆ ನೀಚವಾಗಿದ್ದವೆಂದೂ ಜೊತೆಗೇ ಬರೆದಿರುವನೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆ ಸರ್ವಾಧಿಕಾರಿಯ ಬಿರುದಾದ 'ಡಕ್ಸ್' ಎಂಬ ಲ್ಯಾಟಿನ್ ಶಬ್ದವನ್ನು ತೋಳಿನ ಮೇಲೆ ಹಚ್ಚೆ ಹೊಯ್ಯಿಸಿಕೊಂಡನು. ರೋಮಿನ ಲಾಜಿಯೊ ಪಕ್ಷದಲ್ಲಿ ಆಡುತ್ತಿದ್ದಾಗ, 2005ರಲ್ಲಿ, ಒಮ್ಮೆಯಲ್ಲ, ಹಲವು ಸಲ, ಪ್ರೇಕ್ಷಕರ ಕಡೆಗೆ ತಿರುಗಿ ಫ್ಯಾಸಿಸ್ಟರ ರೀತಿಯಲ್ಲಿ ನೇರವಾಗಿ ಕೈಯೆತ್ತಿ ವಂದಿಸಿದನು. ಅವುಗಳಲ್ಲೊಂದು ನಡೆದುದು ಲಿವೋರ್ನೊ ಪಕ್ಷದ ಎದುರಿನಲ್ಲಿ. ಲಿವೋರ್ನೊ ಎಂದರೆ 1921ರಲ್ಲಿ ಇಟಲಿಯ ಕಮ್ಯೂನಿಸ್ಟ್ ಪಕ್ಷವು ಹುಟ್ಟಿದ ಊರು. ಹತ್ತು ಸಾವಿರ ಯೂರೊ ದಂಡವೂ ಒಂದು ಆಟದ ನಿಷೇಧವೂ ವಿಧಿಸಲ್ಪಟ್ಟವು. ತಾನು ಫ್ಯಾಸಿಸ್ಟನು, ಆದರೆ ಜನಾಂಗದ್ವೇಷಿಯಲ್ಲ, ಎಂಬುದು ಆಗ ಆತನು ಕೊಟ್ಟ ಸಮಾಧಾನ.

ಇಂತಹವನು ಗಣಿಯವರ ನೆಲಕ್ಕೆ ಯಜಮಾನನಾಗಿ ಬಂದೊಡನೆ ಕೋಲಾಹಲವೆದ್ದಿತು. ಹಿಂದೆ ಬ್ರಿಟನ್ನಿನ ವಿದೇಶಾಂಗ ಮಂತ್ರಿಗಳಾಗಿದ್ದ ಡೇವಿಡ್ ಮಿಲಿಬ್ಯಾಂಡರು ಈ ಸಂಘದ ಉಪಾಧ್ಯಕ್ಷರು. ನೇಮಕವಾದ ದಿನವೇ, ಹೊಸ ಮ್ಯಾನೇಜರ ಹಿಂದಿನ ರಾಜಕೀಯ ಹೇಳಿಕೆಗಳನ್ನು ಕಾರಣವಾಗಿ ಹೇಳಿ, ತಮ್ಮ ಸ್ಥಾನವನ್ನು ಬಿಟ್ಟರು. ಅವರ ತಂದೆ 1940ರಲ್ಲಿ ನಾಜಿಗಳ ಕೈಗೆ ಸಿಕ್ಕದೆ ಬೆಲ್ಜಿಯಮ್ಮಿನಿಂದ ಓಡಿಬಂದ ಯೆಹೂದ್ಯ ಹುಡುಗರಾಗಿದ್ದರು. ಡರ್ಹಾಮ್ ಗಣಿಯಾಳುಗಳ ಸಂಘದವರು ತಮ್ಮ ಧ್ವಜವನ್ನು ಹಿಂದಕ್ಕೆ ಕೊಡಬೇಕೆಂದು ಕೇಳಿದರು. ಡರ್ಹಾಮಿನ ದೊಡ್ಡ ಇಗರ್ಜಿಯ ಮುಖ್ಯ ಪಾದ್ರಿಗಳು, ಈ ಪಕ್ಷದ ಅಭಿಮಾನಿಗಳೇ, ಬಹಿರಂಗ ಪತ್ರವನ್ನು ಬರೆದು, ಫ್ಯಾಸಿಸ್ಟ್ ಮತವನ್ನು ತ್ಯಜಿಸಿರುವೆನೆಂದು ಸ್ಪಷ್ಟವಾಗಿ ಹೇಳುವಂತೆ ಆತನನ್ನು ಕೇಳಿಕೊಂಡರು.

ಇತ್ತ ಸಂಘದವರು ಮ್ಯಾನೇಜರ ಪರವಾಗಿ ನಿಂತು, ಆತನ ಮೇಲಿನ ಆರೋಪವು ಅವಮಾನಕರವೆಂದರು. ಆತನು ಪತ್ರಿಕೆಗಳವರ ಮುಂದೆ, ತಾನು ಪಾರ್ಲಿಮೆಂಟಿನಲ್ಲಿ ಕುಳಿತಿಲ್ಲ, ಆಟದ ವಿಷಯ ಮಾತ್ರ ಮಾತನಾಡುವೆನು ಎಂದನು. ಮರುದಿನ, ಏಪ್ರಿಲ್ 3ರಂದು, ಬರವಣಿಗೆಯ ಮೂಲಕ, ತಾನು ಫ್ಯಾಸಿಸ್ಟ್ ಸಿದ್ಧಾಂತವನ್ನು ಬೆಂಬಲಿಸುವವನಲ್ಲ, ಜನಾಂಗದ್ವೇಷಿಯೂ ಅಲ್ಲ ಎಂದು ತಿಳಿಸಿದನು.

ಆತನ ಪಕ್ಷದವರು ಹೇಳಿದುದರಲ್ಲಿಯೂ ಹುರುಳಿಲ್ಲದೆ ಇಲ್ಲ. ಮನುಷ್ಯನ ಮನಸ್ಸಿನೊಳಗೆ ಇಣಿಕಿ ನೋಡಿ ಕೆಲಸ ಕೊಡುವುದೂ ಕಿತ್ತುಕೊಳ್ಳುವುದೂ ಪ್ರಾರಂಭವಾದರೆ, ಅದೇ ಒಂದು ಬಗೆಯ ದಬ್ಬಾಳಿಕೆಯಾದೀತು. ಇಂದು ಅವನ ಮತ ನಮಗೆ ಬೇಡವೆಂದು ಅನ್ನವನ್ನು ಕಿತ್ತರೆ, ನಾಳೆ ನಮ್ಮ ಮತ ಬೇಡವೆನ್ನುವವರು ಬಂದಾರು. ಬಡಗಿಯ ಮತವನ್ನು ಕೇಳಿ ನಾವು ಬಾಗಿಲು ಮಾಡಿಸುವುದಿಲ್ಲ. ಈ ಮಾತನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು.

ಆದರೆ ಇಲ್ಲಿ ಎರಡು ಭೇದಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಮನಸ್ಸಿನೊಳಗಿನ ಆಲೋಚನೆ ಬೇರೆ, ಸಾವಿರಾರು ಜನರ ಎದುರಿಗೆ ಎತ್ತಿದ ಕೈ ಬೇರೆ. ಆತನ ಮನಸ್ಸನ್ನು ಯಾರೂ ಇಣಿಕಲಿಲ್ಲ; ಆತನೇ ಬಾಗಿಲು ತೆರೆದು ತೋರಿಸಿದನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಆಟದ ಬಯಲನ್ನು ರಾಜಕೀಯದ ವೇದಿಕೆಯಾಗಿ ಮಾಡಿದವನು, ಪ್ರಶ್ನೆ ಬಂದಾಗ ಇದು ಬರಿಯ ಆಟದ ಬಯಲೆನ್ನುವುದು ಒಪ್ಪತಕ್ಕ ಮಾತಲ್ಲ.

ಎರಡನೆಯದಾಗಿ, ತೆರಿಗೆ ಹೆಚ್ಚಿರಬೇಕೆ ಕಡಮೆಯಿರಬೇಕೆ ಎಂಬಂತಹ ಅಭಿಪ್ರಾಯವಲ್ಲ ಫ್ಯಾಸಿಸ್ಟ್ ಮತ. ಅದು ಆಟದ ಬಯಲಿಗೇ ಏನು ಮಾಡಿತೆಂಬುದನ್ನು ಇನ್ನೊಬ್ಬ ಮ್ಯಾನೇಜರ ಚರಿತ್ರೆ ತಿಳಿಸುವುದು. ಆರ್ಪಾಡ್ ವೈಸ್ ಎಂಬವರು ಹಂಗೆರಿಯ ಯೆಹೂದ್ಯರು. ಇಟಲಿಗೆ ಬಂದು, 1930ರಲ್ಲಿ ಮಿಲಾನಿನ ಒಂದು ಪಕ್ಷಕ್ಕೂ, 1936 ಮತ್ತು 1937ರಲ್ಲಿ ಬೊಲೊನ್ಯ ಪಕ್ಷಕ್ಕೂ ದೇಶದ ಪ್ರಥಮಸ್ಥಾನವನ್ನು ಗಳಿಸಿಕೊಟ್ಟ ಮ್ಯಾನೇಜರರು. ಅವರ ರಾಜಕೀಯವೇನೆಂದು ಯಾರೂ ಕೇಳಲಿಲ್ಲ. ಕೇಳಿದುದು ಅವರ ಜಾತಿಯನ್ನು. 1938ರಲ್ಲಿ ಮುಸೋಲಿನಿಯ ಸರ್ಕಾರವು ಯೆಹೂದ್ಯರ ವಿರುದ್ಧವಾಗಿ ಮಾಡಿದ ಜನಾಂಗದ ಕಾನೂನುಗಳಿಂದ ಆ ದೇಶವನ್ನು ಬಿಡಬೇಕಾಯಿತು. ಹಾಲೆಂಡಿಗೆ ಹೋಗಿ ಅಲ್ಲಿಯೂ ಆಟವನ್ನು ಕಲಿಸಿದರು. ನಾಜಿಗಳು ಅಲ್ಲಿಗೂ ಬಂದರು. 1942ರಲ್ಲಿ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಆಷ್‌ವಿಟ್ಸಿನ ಸೆರೆಯಲ್ಲಿ ಕೊಂದರು. 1944ರ ಜನವರಿಯಲ್ಲಿ ವೈಸರೂ ಅಲ್ಲಿಯೇ ತೀರಿಕೊಂಡರು. ಡಿ ಕ್ಯಾನಿಯೊ ಇದನ್ನೆಲ್ಲ ಬಯಸಿದನೆಂದು ನಾವು ಹೇಳುವುದಿಲ್ಲ. ಹಾಗೆ ಹೇಳಿದರೆ ಅದು ಅನ್ಯಾಯ. ಆದರೆ ಮೇಲೆತ್ತಿದ ಆ ಕೈ ಯಾರ ಕೈಯ ಅನುಕರಣವೆಂಬುದನ್ನು ಮರೆಯುವ ಸ್ವಾತಂತ್ರ್ಯ ಅದನ್ನು ನೋಡಿದವರಿಗಿರಲಿಲ್ಲ.

ಆಟಕ್ಕೂ ರಾಜಕೀಯಕ್ಕೂ ಸಂಬಂಧವಿಲ್ಲವೆನ್ನುವವರು ಇನ್ನೊಂದು ಸಂಗತಿಯನ್ನೂ ನೆನೆಯಲಿ. 1938ರ ಮೇ 14ರಂದು ಬರ್ಲಿನ್ನಿನಲ್ಲಿ ಇಂಗ್ಲೆಂಡಿನ ಆಟಗಾರರೇ, ತಮ್ಮ ಮೇಲಿನವರ ಒತ್ತಾಯಕ್ಕೆ ಮಣಿದು, ಆಟಕ್ಕೆ ಮುಂಚೆ ನಾಜಿಗಳ ರೀತಿಯಲ್ಲಿ ಕೈಯೆತ್ತಿದರು. ಆ ಆಟವನ್ನು ಅವರು 6–3ರಿಂದ ಗೆದ್ದರು. ಇಂದು ಜನರ ನೆನಪಿನಲ್ಲಿ ಉಳಿದಿರುವುದು ಆರು ಗೋಲುಗಳಲ್ಲ, ಎತ್ತಿದ ಕೈಗಳು.

ಇನ್ನು ಸಂಡರ್‌ಲೆಂಡಿನ ಕಥೆಯ ಶೇಷಭಾಗ. ಏಪ್ರಿಲ್ 14ರಂದು ಡಿ ಕ್ಯಾನಿಯೊನ ಪಕ್ಷವು, ನೆರೆಯ ಊರಿನ ಬದ್ಧವೈರಿಗಳಾದ ನ್ಯೂಕ್ಯಾಸಲಿನವರನ್ನು ಅವರ ಮನೆಯಂಗಳದಲ್ಲಿಯೇ 3–0ಯಿಂದ ಸೋಲಿಸಿತು. ಮ್ಯಾನೇಜರು ಸಂತೋಷದಿಂದ ಹುಲ್ಲಿನ ಮೇಲೆ ಮೊಣಕಾಲೂರಿ ಜಾರಿದನು. ಊರು ಹುಚ್ಚೆದ್ದು ಕುಣಿಯಿತು. ಎರಡು ವಾರಗಳ ಹಿಂದೆ ಎದ್ದಿದ್ದ ಪ್ರಶ್ನೆಯ ಸದ್ದು ಅದರಲ್ಲಿ ಬಹುಮಟ್ಟಿಗೆ ಮುಳುಗಿಹೋಯಿತು. ಗೆದ್ದೆತ್ತಿನ ಬಾಲ ಹಿಡಿಯುವುದು ನಮ್ಮ ದೇಶದ ರೂಢಿಯೊಂದೇ ಅಲ್ಲವೆಂದು ತೋರುತ್ತದೆ. ಸಂಘವು 17ನೆಯ ಸ್ಥಾನದಲ್ಲಿ ನಿಂತು ಮೇಲಿನ ಶ್ರೇಣಿಯಲ್ಲಿಯೇ ಉಳಿಯಿತು. ಆದರೆ ಮುಂದಿನ ಋತುವಿನಲ್ಲಿ ಐದು ಆಟಗಳಿಂದ ಒಂದೇ ಅಂಕ ಬಂದಿತು. ಆಟಗಾರರು ಆತನ ಕಟುವಾದ ಶಿಸ್ತಿಗೆ ಬೇಸತ್ತಿರುವರೆಂದು ಪತ್ರಿಕೆಗಳು ಬರೆದವು. ಸೆಪ್ಟೆಂಬರ್ 22ರಂದು ಆತನನ್ನು ತೆಗೆದುಹಾಕಿದರು.

ನಮಗೆ ಖೇದವಾಗುವುದು ಇಲ್ಲಿಯೇ. ಗೆದ್ದಾಗ ಪ್ರಶ್ನೆಯನ್ನು ಮರೆತರು. ಸೋತಾಗ ಮನುಷ್ಯನನ್ನೇ ಕಳುಹಿಸಿದರು. ಮೊದಲು ಕೇಳಿದ ಪ್ರಶ್ನೆಗೆ ಉತ್ತರವು ಮಾತ್ರ ಹಾಗೆಯೇ ಉಳಿಯಿತು. ಏಪ್ರಿಲಿನ ಕಾಗದವು ಹೃದಯದಿಂದ ಬಂದಿತೋ ಒತ್ತಾಯದಿಂದ ಬಂದಿತೋ ಎಂದು ತಾಳ್ಮೆಯಿಂದ ಕೂತು ವಿಚಾರಿಸುವವರಿರಲಿಲ್ಲ. 2016ರಲ್ಲಿ ಇಟಲಿಯ ದೂರದರ್ಶನವೊಂದರಲ್ಲಿ ಆತನು ಗಿಡ್ಡ ತೋಳಿನ ಅಂಗಿ ತೊಟ್ಟು ಕಾಣಿಸಿಕೊಂಡಾಗ ಹಳೆಯ ಹಚ್ಚೆಯು ಕಣ್ಣಿಗೆ ಬಿದ್ದು, ಅಲ್ಲಿಯ ಕೆಲಸವೂ ನಿಂತಿತು. ಅಂಗಿಯ ತೋಳು ಮುಚ್ಚಿದ್ದುದು ಹಚ್ಚೆಯನ್ನು, ಪ್ರಶ್ನೆಯನ್ನಲ್ಲ.

ಈಗ ಪತ್ರ ಬರೆದ ಗೃಹಸ್ಥರಿಗೆ ನಮ್ಮ ಉತ್ತರ. ಅಜ್ಜನವರ ಮಾತಿನಲ್ಲಿ ಅರ್ಧ ಸತ್ಯವಿದೆ: ಗುರುಗಳು ತಮ್ಮ ಮನಸ್ಸಿನಲ್ಲಿ ಏನು ನಂಬಿದರೂ ಅದು ಅವರಿಗೆ ಸೇರಿದುದು. ಮನೆಯಾಕೆಯ ಮಾತಿನಲ್ಲಿ ಉಳಿದರ್ಧ ಸತ್ಯವಿದೆ: ಹುಡುಗರನ್ನು ಸುತ್ತ ಕುಳ್ಳಿರಿಸಿಕೊಂಡು ಹೇಳಿದುದು ಮನಸ್ಸಿನೊಳಗಿನದಲ್ಲ, ಅದೂ ಒಂದು ಪಾಠ. ಮಕ್ಕಳು ಗುರುವಿನ ಕಾಲನ್ನು ನೋಡಿ ಚೆಂಡನ್ನು ಒದೆಯಲು ಕಲಿಯುವಂತೆ, ಗುರುವಿನ ನಾಲಗೆಯನ್ನು ಕೇಳಿ ಲೋಕವನ್ನೂ ಕಲಿಯುವರು. ಆದುದರಿಂದ ತಾವು ನೇರವಾಗಿ ಗುರುಗಳಲ್ಲಿಗೆ ಹೋಗಿ, ಮರ್ಯಾದೆಯಿಂದ, ಬೇರೆಯವರಿಲ್ಲದ ವೇಳೆಯಲ್ಲಿ ಕೇಳಿರಿ. ಅವರು ಹೇಳುವುದನ್ನು ಪೂರ್ತಿಯಾಗಿ ಆಲಿಸಿರಿ. ಬಯಲಿನಲ್ಲಿ ಆಟವನ್ನಷ್ಟೇ ಕಲಿಸುವೆನೆಂದು ಮಾತು ಕೊಟ್ಟರೆ ನಂಬಿರಿ; ಮತ್ತೆ ಅದೇ ಪಾಠವು ನಡೆದರೆ ಮಗನಿಗೆ ಬೇರೆ ಗುರುಗಳನ್ನು ಹುಡುಕಿರಿ.

ಆದರೆ ಇದನ್ನು ಈ ವಾರವೇ ಮಾಡಿರಿ. ಮಗನ ಪಕ್ಷವು ಪಂದ್ಯವನ್ನು ಗೆದ್ದು, ಬಹುಮಾನದ ಬಟ್ಟಲು ಮನೆಗೆ ಬಂದ ಮೇಲೆ ಕೇಳುವುದಕ್ಕೆ ಬಾಯಿ ಬಾರದು. ಸೋತ ಮೇಲೆ ಕೇಳಿದರೆ, ಸೋಲಿನ ಸಿಟ್ಟೆಂದು ಗುರುಗಳು ತಿಳಿದಾರು. ಅದೇ ಸಾಯಂಕಾಲ ಮಗನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡು ಆರ್ಪಾಡ್ ವೈಸರ ಕಥೆಯನ್ನೂ ಹೇಳಿರಿ. ಗಟ್ಟಿಗನೊಬ್ಬನ ಕೈಗೆ ದೇಶವನ್ನು ಕೊಟ್ಟಾಗ, ಒಳ್ಳೆಯ ಆಟ ಕಲಿಸುವ ಗುರುವಿಗೂ ಅವನ ಮಕ್ಕಳಿಗೂ ಏನಾಯಿತೆಂಬುದನ್ನು ಅವನು ತಂದೆಯ ಬಾಯಿಂದ ಕೇಳಲಿ.