ರಾಣಿ ಮನ್ಯಾಗ ಪೊಲೀಸ ಕಚೇರಿ

ಹೋದ ವಾರ ನಮ್ಮ ನೆಗೆಣ್ಣಿ ಫೋನ್ ಮಾಡಿದ್ಲು. "ಅಕ್ಕಾ, ಹವಾಯಿದ ಒಂದು ಹಳೇ ಡಿಟೆಕ್ಟಿವ್ ಸೀರಿಯಲ್ ಹಚ್ಚೇವಿ. ಏನ್ ಸಮುದ್ರ, ಏನ್ ತೆಂಗಿನ ಗಿಡಾ! ನೀವು ಆ ಊರಿಗೇ ಹೋಗಿ ಬಂದೀರಿ, ಪುಣ್ಯ ಮಾಡೀರಿ ಬಿಡ್ರಿ" ಅಂದ್ಲು. ನಾ "ಹೂಂ" ಅಂದು ಫೋನ್ ಇಟ್ಟೆ. ಆದ್ರ ಆ "ಹೂಂ" ಗಂಟಲದಾಗ ಸಿಕ್ಕೊಂಡು ಕೂತದ. ಅದಕ್ಕ ಈ ಸಲ ಮೆಂತ್ಯದ ಹಿಟ್ಟು, ಉಪ್ಪಿನಕಾಯಿ ಎಲ್ಲಾ ಬದಿಗಿಟ್ಟು ಇದನ್ನ ಬರೀಲಿಕತ್ತೇನಿ. ಆ ಸೀರಿಯಲ್ ಸೇರೋವರು ಸಿಟ್ಟಿಗೆ ಏಳಬ್ಯಾಡ್ರಿ, ಪೂರಾ ಓದ್ರಿ.

ಅದರ ಹೆಸರು ‘ಹವಾಯಿ ಫೈವ್-ಓ’. 1968ಕ್ಕ ಶುರು ಆಗಿ 1980ರ ತನಕಾ, 12 ಸೀಸನ್, ಅಮೆರಿಕಾದ ಸಿಬಿಎಸ್ ಚಾನಲ್‌ದಾಗ ಬಂತು. ನಾ ನೋಡಿದ್ದು ಮಾತ್ರ ಮಗಳ ಬಾಣಂತನಕ್ಕ ಅಮೆರಿಕಾಕ್ಕ ಹೋದಾಗ. ಕೂಸು ಮಲಗಿದ ಮ್ಯಾಲೆ ಅಳಿಯಂದ್ರು ದಿನಾ ರಾತ್ರಿ ಒಂದೊಂದು ಹಚ್ಚತಿದ್ರು, ನಾ ಕೂಸಿನ ಅರವಿ ಮಡಚಿಕೋತ ನೋಡತಿದ್ದೆ. ಮೊದಲ ಮನಿ ಎತ್ತರದ ಒಂದು ತೆರಿ ಬಂದು ಮಗುಚಿ ಬೀಳತದ. ಹಿಂದ ಬಾರಸೋ ಡ್ರಮ್ಮಿಗೆ ಕೂತಲ್ಲೇ ಕಾಲು ಕುಣೀತಾವ. ಜ್ಯಾಕ್ ಲಾರ್ಡ್ ಅನ್ನಾಂವ ಹೀರೋ, ಪಾತ್ರದ ಹೆಸರು ಸ್ಟೀವ್ ಮೆಗ್ಯಾರೆಟ್. ಎಂಥಾ ಬಿಸಲಾಗೂ ಕರೀ ಸೂಟು, ತಲೀ ಒಳಗಿನ ಒಂದು ಕೂದಲಾ ಅಲ್ಲಾಡೂದಿಲ್ಲ. ಅವಂಗ ಮ್ಯಾಲಿನವರು ಅಂದ್ರ ಗವರ್ನರ್ ಒಬ್ಬರ. ಕಳ್ಳತನ, ಖೂನಿ, ಗೂಢಚಾರರ ಆಟ, ಏನ ಇರ್ಲಿ, ಒಂದು ತಾಸಿನ್ಯಾಗ ಬಿಡಿಸಿ, ಕೈಕೆಳಗಿನ ಡ್ಯಾನೋಗ ಇವನ ಮ್ಯಾಲೆ ಕೇಸ್ ಹಾಕು ಅಂತ ಒಂದು ಮಾತು ಒಗದು ಹೋಗಿಬಿಡತಾನ. ಸುಳ್ಳ್ಯಾಕ ಹೇಳಲಿ, ನನಗೂ ಸೇರತಿತ್ತು.

ಅವನ ಕಚೇರಿ ಅಂತ ಒಂದು ಕಟ್ಟಡ ತೋರಸತಾರ. ಸಾಲಾಗಿ ಕಂಬ, ಮ್ಯಾಲೆ ಕೆಳಗ ಉದ್ದಾನ ವರಾಂಡ, ಮುಂದ ಹುಲ್ಲಿನ ಅಂಗಳ. ನಾ ಅದು ಖರೇನ ಪೊಲೀಸ ಕಚೇರಿ ಅಂತ ತಿಳಕೊಂಡಿದ್ದೆ. ಕೂಸಿಗೆ ಐದು ತಿಂಗಳಾದ ಮ್ಯಾಲೆ ಹೊನೊಲುಲುಕ್ಕ ನಾಕು ದಿನ ಹೋಗಿದ್ವಿ. "ಆ ಕಚೇರಿ ನೋಡೂಣು" ಅಂದಾಕಿ ನಾನ. ಹೋಗಿ ನೋಡಿದ್ರ ಅದು ಇಯೊಲಾನಿ ಅರಮನಿ! ಚಪ್ಪಲಿ ಮ್ಯಾಲೆ ಅರವಿ ಚೀಲ ಹಾಕ್ಕೊಂಡು ಒಳಗ ಹೋಗಬೇಕು.

ಕಲಾಕಾವ ಅನ್ನೋ ರಾಜಾ ಕಟ್ಟಿಸಿದ ಅರಮನಿ, 1882ರಾಗ ಮುಗೀತು. ಅಮೆರಿಕಾದ ವೈಟ್ ಹೌಸಿಗೆ ಕರೆಂಟ್ ಬರೂಕಿಂತ ಮೊದಲ ಇಲ್ಲೆ ದೀಪ ಹತ್ತಿದ್ವು. ಅವನ ಹಿಂದ 1891ರಾಗ ಅವನ ತಂಗಿ ಲಿಲಿಯುವೊಕಲಾನಿ ಪಟ್ಟಕ್ಕ ಬಂದ್ಲು. ‘ಅಲೋಹಾ ಓಎ’ ಅನ್ನೋ ಹಾಡು ಕಟ್ಟಿದಾಕಿ ಈಕೀನ. ತನ್ನ ಜನಕ್ಕ ಮತ್ತು ಗಾದಿಗೆ ಅಧಿಕಾರ ತಿರುಗಿ ಬರೂಹಂಗ ಹೊಸಾ ಸಂವಿಧಾನ ತರಬೇಕಂತ ಮಾಡಿದ್ಲು. ಸಕ್ಕರಿ, ವ್ಯಾಪಾರ ಕೈಯಾಗ ಇಟಗೊಂಡಿದ್ದ ಬಿಳೀ ಮಂದಿಗೆ ಅದು ಬ್ಯಾಡಾಗಿತ್ತು. 1893ರ ಜನವರಿ 17ಕ್ಕ ಆಕಿನ್ನ ಗಾದಿಯಿಂದ ಇಳಿಸಿದ್ರು. ಹಿಂದಿನ ದಿನಾನ ಅಮೆರಿಕಾದ ಹಡಗಿನಿಂದ ಬಂದೂಕು ಹಿಡದ ಸಿಪಾಯಿಗಳು ಊರಾಗ ಇಳದಿದ್ರು. 1895ರಾಗ ಆಕಿ ಕಡೆಯವರು ಆಕಿನ್ನ ತಿರುಗಿ ತರಲಿಕ್ಕೆ ದಂಗೆ ಎದ್ದು ಸೋತರು. ಆಗ ಆಕಿನ್ನ ಹಿಡದು, ಆಕಿದ ಸಿಂಹಾಸನದ ಖೋಲ್ಯಾಗ ವಿಚಾರಣಿ ಮಾಡಿ, ಆಕಿದ ಅರಮನಿಯ ಮ್ಯಾಲಿನ ಅಂತಸ್ತಿನ ಒಂದು ಖೋಲ್ಯಾಗ ಸುಮಾರು ಎಂಟು ತಿಂಗಳು ಕೂಡಿಹಾಕಿದ್ರು.

ಅಲ್ಲೆ ಕೂತು ಆಕಿ ಏನು ಮಾಡಿದ್ಲು ಗೊತ್ತದ ಏನ್ರಿ? ಕೌದಿ ಹೊಲದ್ಲು.

ಹೌದ್ರಿ, ಕೌದಿ. ಬಣ್ಣ ಬಣ್ಣದ ರೇಷ್ಮಿ ತುಂಡು ಕೂಡಿಸಿ, ನಡುವ ಹವಾಯಿದ ಧ್ವಜ ಕಸೂತಿ ಹಾಕಿ, ತನ್ನನ್ನ ಎಲ್ಲೆ ಕೂಡಿಹಾಕಿದ್ರು, ಕೌದಿ ಎಲ್ಲೆ ಶುರು ಆತು ಅನ್ನೋದನ್ನೂ ದಾರದಾಗ ಅಕ್ಷರ ತಗದಾರ. ಸುದ್ದಿ ಪೇಪರ್ ಕೊಡತಿದ್ದಿಲ್ಲ. ತೋಟದಿಂದ ಹೂವು ಸುತ್ತಿ ಬಂದ ಪೇಪರಿನ ಹಾಳಿ ಬಿಚ್ಚಿ ಸುದ್ದಿ ಓದಕೋತಿದ್ಲಂತ. ಆ ಕೌದಿ ಇವತ್ತೂ ಅಲ್ಲೇ ಗಾಜಿನ ಪೆಟ್ಟಿಗ್ಯಾಗ ಅದ. ನಮ್ಮವ್ವನೂ ಹಳೇ ಸೀರಿ ಕೂಡಿಸಿ ಕೌದಿ ಹೊಲೀತಿದ್ಲು, ಯಾವ ತುಂಡು ಯಾರ ಸೀರಿದು ಅಂತ ಬಳ್ಳಿಟ್ಟು ತೋರಸತಿದ್ಲು. ಕೌದಿ ಅಂದ್ರ ಬರೇ ಹೊದಿಕಿ ಅಲ್ಲ, ಮನಿ ದಫ್ತರ ಅದು. ಆ ಗಾಜಿನ ಮುಂದ ನನಗ ಕಣ್ಣಾಗ ನೀರು ಬಂತು. ಅಳಿಯಂದ್ರು "ಅತ್ತಿ, ಕಾಲು ನೋಯಲಿಕತ್ತಾವೇನ್ರಿ?" ಅಂತ ಕೇಳಿದ್ರು. ಏನಂತ ಹೇಳಲಿ!

ಈಗ ನನ್ನ ತಕರಾರು ಕೇಳ್ರಿ. ಊರಾಗಿನ ಎಲ್ಲಾ ಕಳ್ಳರನ್ನ ಒಂದೊಂದು ತಾಸಿನ್ಯಾಗ ಹಿಡದ ಮೆಗ್ಯಾರೆಟ್ ಸಾಹೇಬಂಗ, ತಾ ಕೂತ ಮನೀನ ಕಳುವಿನ ಮಾಲು ಅನ್ನೋದು ಗೊತ್ತಾಗಲಿಲ್ಲೇನು? ನಾ ನೋಡಿದ ಒಂದು ಕಂತಿನ್ಯಾಗೂ ರಾಣಿ ಹೆಸರು ಬರಲಿಲ್ಲ. ಸೀರಿಯಲ್ ಹೆಸರಿನ್ಯಾಗಿನ ಫೈವ್-ಓ ಅಂದ್ರ ಐವತ್ತು. 1898ರಾಗ ಅಮೆರಿಕಾ ಈ ದ್ವೀಪಗಳನ್ನ ತನ್ನೊಳಗ ಸೇರಿಸಿಕೊಂಡಿತು, 1959ರಾಗ 50ನೇ ರಾಜ್ಯ ಮಾಡಿತು. ಆ ಐವತ್ತು ಇದು. ಹೆಸರಿನ್ಯಾಗ ಲೆಕ್ಕ ಅದ, ಕತಿಯೊಳಗ ಲೆಕ್ಕ ಇಲ್ಲ.

ಮತ್ತ ಯಾರು ಮುಂದ, ಯಾರು ಹಿಂದ ಅನ್ನೋದನ್ನೂ ನೋಡ್ರಿ. ಚಿನ್ ಹೋ ಆಗಿದ್ದ ಕ್ಯಾಮ್ ಫಾಂಗ್, ನಟ ಆಗೂಕಿಂತ ಮೊದಲ 16 ವರ್ಷ ಹೊನೊಲುಲುದಾಗ ಖರೇ ಪೊಲೀಸ ಇದ್ದಾಂವ. ಅವ ಹಿಂದ ನಿಂತು ಹೇಳಿದ ಕೆಲಸ ಮಾಡಬೇಕು. ಸೂಟಿನ ಪೊಲೀಸ ಮುಂದ ನಿಂತು ಹುಕುಂ ಕೊಡಬೇಕು. ದೊಡ್ಡ ಖಳನಾಯಕ ವೋ ಫ್ಯಾಟ್ ಚೀನಾದಾಂವ ಅಂತ. ಆ ಪಾತ್ರ ಮಾಡಿದ ಖೈ ಡೀ ಚೀನಾದವನ ಅಲ್ಲ, ನ್ಯೂ ಜೆರ್ಸಿಯೊಳಗ ಹುಟ್ಟಿದಾಂವ.

ಇನ್ನ ನೆಗೆಣ್ಣಿ ಏನಂತಾಳ ನನಗ ಗೊತ್ತದ. "ಅಕ್ಕಾ, ಟೈಮ್‌ಪಾಸಿಗೆ ನೋಡೋದು, ಅದಕ್ಕ ಇಷ್ಟ್ಯಾಕ?" ಅಂತಾಳ. ಮಗಳೂ ಜಗಳ ಆಡಿದ್ಲು. "ಅಮ್ಮಾ, ಆ ಕಾಲಕ್ಕ ಅಮೆರಿಕಾದ ಟಿವ್ಯಾಗ ಇಂಥಾ ಮುಖ ವಾರಾ ವಾರಾ ಬರೋದ ಅಪರೂಪ, ಇವರು ಅಲ್ಲೇ ಶೂಟಿಂಗ್ ಮಾಡಿ ಅಲ್ಲಿಯವರಿಗೇ ಕೆಲಸಾ ಕೊಟ್ರು" ಅಂದ್ಲು. ಖರೆ ಅದ. ಅರಮನಿಯನ್ನ ಕಚೇರಿ ಮಾಡಿದ್ದೂ ಸೀರಿಯಲ್‌ನವರಲ್ಲ. ರಾಣಿನ್ನ ಇಳಿಸಿದವರು ಮೊದಲ ಅಲ್ಲೆ ಸರಕಾರಿ ಕಚೇರಿ ಇಟ್ರು, 1969ರ ತನಕಾ ಅಲ್ಲೇ ಇತ್ತು. ಆಮ್ಯಾಲೆ ದುರಸ್ತಿ ಮಾಡಿ 1978ರಾಗ ಜನಕ್ಕ ನೋಡಲಿಕ್ಕೆ ತಗದ್ರು. ಜ್ಯಾಕ್ ಲಾರ್ಡನೂ 1998ರಾಗ ಸಾಯೋ ತನಕಾ ಹೊನೊಲುಲುದಾಗೇ ಇದ್ದ. ಅವನ ಹೆಂಡತಿಯೂ ತೀರಿಕೊಂಡ ಮ್ಯಾಲೆ ಸುಮಾರು 4 ಕೋಟಿ ಡಾಲರ್ ಆಸ್ತಿ ಹವಾಯಿದ ಧರ್ಮ ಕಾರ್ಯಕ್ಕ ಹೋತು. ಇದಕ್ಕ ನಾ ಕೈ ಮುಗೀತೇನಿ.

ಆದ್ರ ಬಾಡಿಗಿ ಬರೋಬ್ಬರಿ ಕೊಟ್ಟಾರಂತ ಮನಿ ಯಾರದು ಅನ್ನೋದು ಮರೀಬೇಕೇನ್ರಿ? ನಾವು ಹೆಂಗಸರು ಹೊಸಾ ಮನಿಗೆ ಅರಿಷಿಣ ಕುಂಕುಮಕ್ಕ ಹೋದ್ರ ಮೊದಲ ಏನು ಕೇಳತೀವಿ? ಕಟ್ಟಿಸಿದವರು ಯಾರು, ಹಿರ್ಯಾರು ಎಲ್ಲೆ ಇದ್ದಾರ ಅಂತ. ಟಿವಿ ಮುಂದ ಕೂತಾಗ ಮಾತ್ರ ಆ ಪ್ರಶ್ನಿ ಯಾಕ ನುಂಗತೀವಿ? ನಮ್ಮ ಹುಡುಗೂರು ದೇಶ ಕಲಿಯೋದು ಸೀರಿಯಲ್‌ದಿಂದ, ಸಿನೆಮಾದಿಂದ. ಅವಕ್ಕ ಹವಾಯಿ ಅಂದ್ರ ಮರಳು, ಹೂವಿನ ಅಂಗಿ, ಸೊಂಟ ಕುಣಸೋ ಹುಡುಗಿ ಅಷ್ಟ. ಅಲ್ಲೆ ಒಬ್ಬಾಕಿ ರಾಣಿ ಇದ್ದಳು ಅಂತ ನನಗ ಅರವತ್ತರ ಹತ್ತಿರ ಬಂದಾಗ ಗೊತ್ತಾತು. ಅದೂ ಕಾಲಿಗೆ ಚೀಲ ಕಟಗೊಂಡು ಒಳಗ ಹೋಗಿದ್ದಕ್ಕ!

1993ರಾಗ, ಸರಿಯಾಗಿ 100 ವರ್ಷಕ್ಕ, ಅಮೆರಿಕಾದ ಸಂಸತ್ತು ತಪ್ಪಾತು ಅಂತ ಠರಾವು ಮಾಡಿತು, ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ್ರು. ಅಂದ್ರ ಅಪರಾಧ ಒಪ್ಪಿಕೊಂಡಂಗ ಆತು. ಮಾಲು ಮಾತ್ರ ತಿರುಗಿ ಬರಲಿಲ್ಲ.

ನೋಡವಾ ತಂಗಿ, ಸೀರಿಯಲ್ ನೋಡಬ್ಯಾಡ ಅಂತ ನಾ ಅನ್ನೂದಿಲ್ಲ. ಆ ತೆರಿ, ಆ ಡ್ರಮ್ಮು ನನಗೂ ಸೇರತಾವ. ಕಂಬದ ಕಟ್ಟಡ ಬಂದಾಗ ಒಂದು ಗಳಿಗಿ ರಿಮೋಟ್ ಒತ್ತಿ ನಿಂದರ್ಸು. ಮ್ಯಾಲಿನ ಅಂತಸ್ತಿಗೆ ಬಳ್ಳು ಮಾಡಿ ಹುಡುಗೂರಿಗೆ ತೋರ್ಸು. ಅಲ್ಲೆ ಒಬ್ಬಾಕಿ ಕೌದಿ ಹೊಲಕೋತ ಕೂತಿದ್ಲು, ಮನಿ ಆಕಿದು ಅಂತ ಹೇಳು. ಆಮ್ಯಾಲೆ ಬೇಕಾದ್ರ ಮುಂದ ಹಚ್ಚು.